ನಿಮ್ಮ ಫೋನು ಒಂದು ರಾತ್ರಿ ಬೇರೆಯವರ ಕೈಯಲ್ಲಿರಲಿ

ಪ್ರಶ್ನೆ: ನನಗೆ 44 ವರ್ಷ. ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರಸೂತಿ ತಜ್ಞೆ. ಮೂರು ವರ್ಷದಿಂದ ಆಡಳಿತ ವೈದ್ಯಾಧಿಕಾರಿಯ ಹೊಣೆಯೂ ನನ್ನದೇ. ನೂರು ಹಾಸಿಗೆಯ ಆಸ್ಪತ್ರೆ, ಇನ್ನೊಂದು ಪ್ರಸೂತಿ ತಜ್ಞರ ಹುದ್ದೆ ಖಾಲಿ. ಹಗಲೆಲ್ಲ ಒಪಿಡಿ, ಸಭೆ, ವಿಡಿಯೊ ಕಾನ್ಫರೆನ್ಸ್ (ವಿಸಿ), ಇಂಡೆಂಟು, ಸಂಬಳದ ಬಿಲ್ಲು, ನೀರಿನ ಟ್ಯಾಂಕರು. ರಾತ್ರಿ ಸಿಸೇರಿಯನ್. ಗರ್ಭಿಣಿಯರನ್ನು ಕೂರಿಸಿ ಮಾತಾಡಿಸಿ ನೋಡುವುದು ನನಗೆ ಬಹಳ ಇಷ್ಟವಾದ ಕೆಲಸ. ಈಗ ಒಬ್ಬೊಬ್ಬರಿಗೆ ಎರಡು ನಿಮಿಷವೂ ಸಿಗುವುದಿಲ್ಲ.

ಎಂಟು ತಿಂಗಳ ಹಿಂದೆ ಇಪ್ಪತ್ತೆರಡು ವರ್ಷದ ಬಾಣಂತಿಯೊಬ್ಬಳು ರಕ್ತಸ್ರಾವ ನಿಲ್ಲದೆ, ಜಿಲ್ಲಾಸ್ಪತ್ರೆಗೆ ಕಳಿಸಿದ ದಾರಿಯಲ್ಲೇ ತೀರಿಕೊಂಡಳು. ನಮ್ಮಲ್ಲಿ ಆಕೆಯ ಗುಂಪಿನ ರಕ್ತ ಒಂದೇ ಯೂನಿಟ್ ಇತ್ತು. ಮಗು ಉಳಿಯಿತು. ಆಮೇಲೆ ಪರಿಶೀಲನಾ ಸಭೆ, ಪ್ರಶ್ನೆಗಳು, ವಿವರಣೆ. ಅಂದಿನಿಂದ ಫೋನು ದಿಂಬಿನ ಪಕ್ಕದಲ್ಲೇ. ಒಂದು ರಿಂಗಿಗೇ ಎದೆ ಹೊಡೆದುಕೊಳ್ಳುತ್ತದೆ. ನಿದ್ದೆಗೆಂದು ಆಲ್‌ಪ್ರಜೋಲಾಮ್ ನಾನೇ ಶುರು ಮಾಡಿಕೊಂಡೆ, ಈಗ ಅರ್ಧ ಮಾತ್ರೆ ಸಾಲುತ್ತಿಲ್ಲ. ಹೋದ ವಾರ ಹೆರಿಗೆಯ ಪ್ರಗತಿ ದಾಖಲಿಸುವ ಪಾರ್ಟೋಗ್ರಾಮ್ ತುಂಬಿರಲಿಲ್ಲ ಎಂದು ಒಬ್ಬ ಸ್ಟಾಫ್ ನರ್ಸನ್ನು ವಾರ್ಡಿನಲ್ಲಿ ಎಲ್ಲರೆದುರು ಬೈದೆ. ಆಕೆ ಅತ್ತಳು. ನನಗೆ ಏನೂ ಅನ್ನಿಸಲಿಲ್ಲ, ಅದೇ ಭಯವಾಯಿತು. ಬೆಳಿಗ್ಗೆ ಕಾರು ಹತ್ತುವಾಗ, ಸಣ್ಣದೊಂದು ಆಕ್ಸಿಡೆಂಟಾಗಿ ಕಾಲು ಮುರಿದರೆ ಹದಿನೈದು ದಿನ ಮಲಗಬಹುದಲ್ಲ ಅನ್ನಿಸುತ್ತದೆ. ಎಲ್ಲರೂ ಯೋಗ ಮಾಡಿ, ವಾಕಿಂಗ್ ಹೋಗಿ ಎನ್ನುತ್ತಾರೆ. ಒತ್ತಡ ನಿರ್ವಹಣೆಯ ತರಬೇತಿಯೂ ಆಯಿತು. ಅಲ್ಲಿ ಕಣ್ಣು ಮುಚ್ಚಿ ಕೂತಾಗಲೂ ಫೋನು ಬಂತು, ಎದ್ದು ಹೋದೆ. ನಾನು ಈ ಕುರ್ಚಿಗೆ ಲಾಯಕ್ಕಲ್ಲವೇ?

— ಹೆಸರು ಬೇಡ

ಉತ್ತರ: ಡಾಕ್ಟರ್, ನಿಮ್ಮ ಕೊನೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಕಾಲು ಮುರಿದರೆ ಸಾಕು ಅನ್ನಿಸುತ್ತದೆ ಎಂದು ಬರೆದಿದ್ದೀರಲ್ಲ, ಮೊದಲು ಆ ಸಾಲಿನ ಬಗ್ಗೆ ಮಾತಾಡಬೇಕು. ರಜೆ ಕೇಳುವುದೇ ತಪ್ಪು ಎಂದುಕೊಂಡವರು, ಯಾರೂ ಬೇಡ ಅನ್ನಲಾಗದ ಒಂದು ಕಾರಣಕ್ಕೆ ಕಾಯುತ್ತಿರುತ್ತಾರೆ. ಮೂಳೆ ಮುರಿತ ಅಂಥ ಕಾರಣ. ಆಸ್ಪತ್ರೆ ನಡೆಸುವವರಲ್ಲಿ ಈ ಆಸೆ ಅಪರೂಪವೇನಲ್ಲ. ಆದರೆ ಇದರ ಬೆನ್ನಿಗೇ ಇನ್ನೊಂದು ಯೋಚನೆ ಇರಬಹುದು, ಅದನ್ನು ನೇರವಾಗಿಯೇ ಕೇಳುತ್ತೇನೆ. ನಾನು ಇಲ್ಲವಾಗಿಬಿಟ್ಟರೆ ಒಳ್ಳೆಯದು ಎಂದೂ ಅನ್ನಿಸುತ್ತಿದೆಯೇ? ಒಮ್ಮೆಯಾದರೂ ಅನ್ನಿಸಿದ್ದರೆ ಈ ಉತ್ತರವನ್ನು ಪೂರ್ತಿ ಓದುವವರೆಗೂ ಕಾಯಬೇಡಿ. ಮನೆಯವರಿಗೆ ಹೇಳಿ, ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ನಿಮ್ಮ ರೋಗಿಗಳಿಗೆ ನೀವೇ ಈ ನಂಬರು ಕೊಟ್ಟಿರುತ್ತೀರಿ. ಅದು ನಿಮಗೂ ಸೇರಿದ್ದು.

ಇನ್ನು ನಿಮಗಾಗಿರುವುದು ಏನು ಎಂಬ ವಿಚಾರ. 1974ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದವರನ್ನು ಹತ್ತಿರದಿಂದ ನೋಡಿ ಬರ್ನ್‌ಔಟ್ ಬಗ್ಗೆ ಬರೆದರು. ಹಗಲು ತಮ್ಮ ಪ್ರಾಕ್ಟೀಸು ಮುಗಿಸಿ ರಾತ್ರಿ ಅಲ್ಲಿಗೆ ಹೋಗುತ್ತಿದ್ದ ಅವರೂ ಅದೇ ಬಳಲಿಕೆಯನ್ನು ಉಂಡವರು. ಮೊದಲು ಕುಸಿಯುವವರು ಕೆಲಸಗಳ್ಳರಲ್ಲ, ಕೆಲಸವನ್ನು ಮೈಮೇಲೆ ಎಳೆದುಕೊಳ್ಳುವವರು ಎಂಬುದು ಅವರ ಗಮನಕ್ಕೆ ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್‌ಗೆ ಮೂರು ಗುರುತು ಹೇಳಿದ್ದಾರೆ: ಶಕ್ತಿ ಬತ್ತಿಹೋದ ಹಾಗಿರುವುದು, ಕೆಲಸದಿಂದ ಮನಸ್ಸು ದೂರವಾಗಿ ಒಳಗೆಲ್ಲ ಕಹಿ ತುಂಬುವುದು, ಏನು ಮಾಡಿದರೂ ನನ್ನಿಂದ ಸರಿಯಾಗುತ್ತಿಲ್ಲ ಅನ್ನಿಸುವುದು. ಕಾರು ಹತ್ತುವಾಗಿನ ನಿಮ್ಮ ಆಸೆ ಮೊದಲನೆಯದು. ನರ್ಸ್ ಅತ್ತಾಗ ಏನೂ ಅನ್ನಿಸದಿದ್ದದ್ದು ಎರಡನೆಯದು. ಲಾಯಕ್ಕಲ್ಲವೇ ಎಂಬ ಪ್ರಶ್ನೆ ಮೂರನೆಯದು.

ಅದೇ ವರ್ಗೀಕರಣ ಇನ್ನೊಂದು ಮಾತನ್ನೂ ಖಚಿತವಾಗಿ ಹೇಳುತ್ತದೆ. ಇದು ಕಾಯಿಲೆಯಲ್ಲ, ಕೆಲಸದ ಜಾಗದ ಒತ್ತಡವನ್ನು ಬಹುಕಾಲ ಸರಿಯಾಗಿ ನಿಭಾಯಿಸದೆ ಬಿಟ್ಟಾಗ ಹುಟ್ಟುವ ಸ್ಥಿತಿ. ಹಾಗಾಗಿ ನಿಮ್ಮನ್ನು ಮಾತ್ರ ರಿಪೇರಿ ಮಾಡಿ ಅದೇ ಜಾಗಕ್ಕೆ ವಾಪಸು ಕಳಿಸಿದರೆ ಏನೂ ಬದಲಾಗುವುದಿಲ್ಲ. ಯೋಗ ಒಳ್ಳೆಯದು, ವಾಕಿಂಗೂ ಒಳ್ಳೆಯದು. ಆದರೆ ಇಬ್ಬರ ಕೆಲಸ ಒಬ್ಬರು ಮಾಡುತ್ತಿರುವ ಕಡೆ ಅವು ಎರಡನೆಯ ಪ್ರಸೂತಿ ತಜ್ಞರಾಗುವುದಿಲ್ಲ. ನಿಮಗೆ ಸಲಹೆ ಕೊಡುತ್ತಿರುವವರು ಇದನ್ನು ಒಪ್ಪಿಕೊಂಡು ಮುಂದೆ ಮಾತಾಡಬೇಕಿತ್ತು.

ನಿದ್ದೆಯಿಂದಲೇ ಶುರು ಮಾಡೋಣ. 1997ರಲ್ಲಿ ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರವಿದ್ದವರ ಕೈಕಣ್ಣಿನ ಚುರುಕು, ರಕ್ತದಲ್ಲಿ ಶೇ 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆಯಾದಾಗ ಸುಮಾರು ಶೇ 0.1ರಷ್ಟಿದ್ದವರ ಮಟ್ಟ. ನಮ್ಮ ಮೋಟಾರು ವಾಹನ ಕಾಯ್ದೆಯ ಪ್ರಕಾರ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ 0.03 ದಾಟಿದರೆ ಗಾಡಿ ಓಡಿಸುವುದು ಅಪರಾಧ. ಬೆಳಿಗ್ಗೆ ಆರಕ್ಕೆ ಎದ್ದು, ದಿನವಿಡೀ ದುಡಿದು, ರಾತ್ರಿ ಎರಡಕ್ಕೆ ಸಿಸೇರಿಯನ್‌ಗೆ ನಿಂತಾಗ ನೀವು ಎಚ್ಚರವಿದ್ದು 20 ಗಂಟೆಯಾಗಿರುತ್ತದೆ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ನಿಮ್ಮ ವಿಶ್ರಾಂತಿ ನಿಮ್ಮೊಬ್ಬರ ಸುಖದ ವಿಷಯ ಎಂದು ನೀವು ನಂಬಿದ್ದೀರಿ, ಹಾಗಾಗಿಯೇ ಅದನ್ನು ಕೇಳಲು ನಾಚುತ್ತಿದ್ದೀರಿ. ಅದು ಆಪರೇಷನ್ ಟೇಬಲ್ ಮೇಲೆ ಮಲಗಿರುವವಳ ಸುರಕ್ಷತೆಯ ವಿಷಯ. ಹಾಗೆಯೇ ಕೇಳಿ.

ನಿಮ್ಮ ಫೋನಿಗೆ ಬರೋಣ. ಒಂದು ವಾರ, ಒಂದೇ ಒಂದು ವಾರ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬರುವ ಪ್ರತಿ ಕರೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾರು ಮಾಡಿದರು, ಯಾಕೆ, ನೀವೇ ಎತ್ತಬೇಕಿತ್ತೇ. ತಾಲ್ಲೂಕು ಆಸ್ಪತ್ರೆಯ ರಾತ್ರಿಗಳನ್ನು ಬಲ್ಲವರಿಗೆ ಆ ಪಟ್ಟಿ ಹೆಚ್ಚುಕಡಿಮೆ ಗೊತ್ತೇ ಇರುತ್ತದೆ: ಜನರೇಟರಿಗೆ ಡೀಸೆಲ್ ಇಲ್ಲ, ಡ್ಯೂಟಿಗೆ ಬರಬೇಕಾದ ಗ್ರೂಪ್ ಡಿ ಬಂದಿಲ್ಲ, ಎಂಎಲ್‌ಸಿ (ಪೊಲೀಸ್ ಪ್ರಕರಣದ ವೈದ್ಯಕೀಯ ದಾಖಲೆ) ಮಾಡಬೇಕೋ ಬೇಡವೋ, ಪೋಸ್ಟ್‌ಮಾರ್ಟಂ ಈಗಲೇ ಮಾಡಿ ಎಂದು ಕಡೆಯವರು ಕೂತಿದ್ದಾರೆ, ಮುಖಂಡರೊಬ್ಬರ ಕಡೆಯವರಿಗೆ ಸ್ಪೆಷಲ್ ವಾರ್ಡ್ ಬೇಕಂತೆ. ಇವುಗಳಲ್ಲಿ ಪ್ರಸೂತಿ ತಜ್ಞೆ ಎದ್ದು ಕೂರಬೇಕಾದ್ದು ಯಾವುದು? ಡೀಸೆಲ್ಲಿಗೆ ಕಚೇರಿ ಅಧೀಕ್ಷಕರಿದ್ದಾರೆ. ಸಿಬ್ಬಂದಿಯ ಹಾಜರಿಗೆ ಶುಶ್ರೂಷಾ ಅಧೀಕ್ಷಕರಿದ್ದಾರೆ. ಎಂಎಲ್‌ಸಿ ಡ್ಯೂಟಿ ಡಾಕ್ಟರ ಕೆಲಸ. ಗಲಾಟೆಯಾದರೆ ಮೊದಲ ಕರೆ ಪೊಲೀಸರಿಗೆ ಹೋಗಬೇಕು, ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯುವ ಕಾಯ್ದೆ ನಮ್ಮ ರಾಜ್ಯದಲ್ಲಿ 2009ರಿಂದಲೇ ಇದೆ.

ವಾರ ಕಳೆದ ಮೇಲೆ ಆ ನೋಟ್‌ಬುಕ್ ಇಟ್ಟುಕೊಂಡು ಒಂದು ಸಭೆ ಕರೆಯಿರಿ. ಆಡಳಿತದ ರಾತ್ರಿ ಕರೆಯನ್ನೂ ಹೆರಿಗೆ ಕೋಣೆಯ ರಾತ್ರಿ ಕರೆಯನ್ನೂ ಬೇರೆ ಮಾಡಿ. ಆಡಳಿತದ ಕರೆಗೆ ಇನ್ನೊಂದು ನಂಬರು ಇರಲಿ, ಅದು ಮಕ್ಕಳ ತಜ್ಞರು, ದಂತ ವೈದ್ಯರು, ಹಿರಿಯ ವೈದ್ಯಾಧಿಕಾರಿ ಹೀಗೆ ಸರದಿಯಲ್ಲಿ ಕೈ ಬದಲಾಗಲಿ. ಯಾವುದಕ್ಕೆ ನಿಮ್ಮನ್ನು ಎಬ್ಬಿಸಲೇಬೇಕು ಎಂಬುದನ್ನು ನೀವೇ ಬರೆದು ಸಹಿ ಮಾಡಿ ಹೆರಿಗೆ ಕೋಣೆಯಲ್ಲೂ ತುರ್ತು ವಿಭಾಗದಲ್ಲೂ ಅಂಟಿಸಿ: ಸಾವು, ಬೆಂಕಿ, ಆಮ್ಲಜನಕದ ತೊಂದರೆ, ಹಲ್ಲೆ, ದೊಡ್ಡ ಅಪಘಾತ. ಸಹಿ ಇರಲೇಬೇಕು. ಬಾಯಿಮಾತಿನಲ್ಲಿ ‘ನೀವೇ ನೋಡಿಕೊಳ್ಳಿ’ ಎಂದರೆ, ನಾಳೆ ಏನಾದರೂ ಆದರೆ ನಮ್ಮ ತಲೆಗೆ ಬರುತ್ತದೆ ಎಂದು ಹೆದರಿ ಮತ್ತೆ ನಿಮಗೇ ಫೋನು ಮಾಡುತ್ತಾರೆ. ಕೆಳಗಿನವರು ನಿರ್ಧಾರ ತೆಗೆದುಕೊಳ್ಳದಿರಲು ಎಷ್ಟೋ ಸಲ ಅಸಾಮರ್ಥ್ಯ ಕಾರಣವಲ್ಲ, ಬೆನ್ನಿಗೆ ಯಾರೂ ನಿಲ್ಲುವುದಿಲ್ಲ ಎಂಬ ಅನುಭವ ಕಾರಣ.

ಮೊದಲ ಕೆಲವು ರಾತ್ರಿ ಫೋನು ಸುಮ್ಮನಿದ್ದರೂ ನಿಮಗೆ ನಿದ್ದೆ ಬಾರದು. ಅವರು ಮಾಡುವ ನಿರ್ಧಾರ ನೀವು ಮಾಡುವಷ್ಟು ಚೆನ್ನಾಗಿಯೂ ಇರದು. ತಡೆದುಕೊಳ್ಳಿ. ನೀವಿಲ್ಲದ ರಾತ್ರಿ ನಡೆಯಲಾಗದ ಆಸ್ಪತ್ರೆ ರೋಗಿಗಳಿಗೆ ಅಪಾಯ. ನಾಳೆ ನಿಮಗೆ ಡೆಂಗಿ ಬಂದರೂ ಅಲ್ಲಿ ಹೆರಿಗೆಗಳು ನಿಲ್ಲುವುದಿಲ್ಲ. ಕೆಲಸ ಹಂಚುವುದನ್ನು ನೀವು ನಿಮ್ಮ ಆರಾಮಕ್ಕೆ ಮಾಡಿಕೊಳ್ಳುವ ಉಪಾಯ ಎಂದು ಭಾವಿಸಬೇಡಿ. ಆಡಳಿತ ವೈದ್ಯಾಧಿಕಾರಿಯ ಕೆಲಸ ಎಂದರೆ ಮುಖ್ಯವಾಗಿ ಅದೇ.

ಆದರೆ ಹೆರಿಗೆ ಕೋಣೆಯ ಕರೆಯನ್ನು ಹೀಗೆ ಹಂಚಲಾಗದು, ಅಲ್ಲಿ ನೀವೊಬ್ಬರೇ. ಅದಕ್ಕೆ ಕಾಗದವೇ ಬೇಕು. ನಿಮ್ಮ ಹೆರಿಗೆ ರಿಜಿಸ್ಟರು, ಓಟಿ ರಿಜಿಸ್ಟರು ತೆಗೆಸಿ ಆರು ತಿಂಗಳ ಲೆಕ್ಕ ಹಾಕಿಸಿ. ಎಷ್ಟು ಹೆರಿಗೆ, ಎಷ್ಟು ಸಿಸೇರಿಯನ್, ಅವುಗಳಲ್ಲಿ ರಾತ್ರಿ ಎಷ್ಟು, ರಾತ್ರಿ ಕೆಲಸದ ಮರುದಿನವೂ ನೀವು ಒಪಿಡಿ ನಡೆಸಿದ ದಿನಗಳೆಷ್ಟು. ‘ಕೆಲಸದ ಹೊರೆ ಹೆಚ್ಚಾಗಿದೆ’ ಎಂಬ ಪತ್ರ ಫೈಲು ಸೇರುತ್ತದೆ, ಅಂಕಿಯಿರುವ ಪತ್ರಕ್ಕೆ ಯಾರಾದರೂ ಉತ್ತರ ಕೊಡಬೇಕಾಗುತ್ತದೆ. ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಿರಿ, ಆರೋಗ್ಯ ರಕ್ಷಾ ಸಮಿತಿಯ ಮುಂದೆ ಇಡಿ, ಇನ್‌ವರ್ಡ್ ನಂಬರು ಹಾಕಿಸಿ ಪ್ರತಿ ಇಟ್ಟುಕೊಳ್ಳಿ. ಖಾಲಿ ಹುದ್ದೆ ತುಂಬುವವರೆಗೆ ವಾರಕ್ಕೆ ಎರಡು ರಾತ್ರಿ ಪಕ್ಕದ ತಾಲ್ಲೂಕಿನಿಂದ ನಿಯೋಜನೆಯ ಮೇಲೆ ತಜ್ಞರು, ಇಲ್ಲವೇ ಊರಿನ ಖಾಸಗಿ ತಜ್ಞರು ಗುತ್ತಿಗೆಯ ಮೇಲೆ, ಹೀಗೆ ನಿರ್ದಿಷ್ಟವಾಗಿ ಕೇಳಿ. ಸಿಗದೇ ಹೋಗಬಹುದು. ಆದರೂ ಬರೆಯಿರಿ. ಈ ಕೊರತೆ ನಿಮ್ಮದಲ್ಲ ಎಂಬುದು ಕಾಗದದ ಮೇಲೆ ಇರಬೇಕು, ಇಲಾಖೆಗೂ, ನಿಮ್ಮ ಮನಸ್ಸಿಗೂ.

ಈಗ ದಾರಿಯಲ್ಲಿ ತೀರಿಕೊಂಡ ಆ ಹುಡುಗಿಯ ವಿಷಯ. ನಿಮ್ಮ ಪತ್ರ ಇಡೀ ಅವಳ ಸುತ್ತಲೇ ಸುತ್ತಿದೆ, ಆದರೆ ಅವಳ ಬಗ್ಗೆ ನೀವು ಬರೆದಿರುವುದು ನಾಲ್ಕೇ ಸಾಲು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಮೇಲೆ ರಾಜ್ಯದಲ್ಲಿ ತಾಯಂದಿರ ಸಾವಿನ ವಿಚಾರಣೆ ಬಿಗಿಯಾಗಿದೆ. ಆ ಬಿಗಿ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಸಾವಿನ ಪರಿಶೀಲನೆಯ ಉದ್ದೇಶ ಎಲ್ಲಿ ತಡವಾಯಿತು ಎಂದು ಹುಡುಕುವುದು: ಮನೆಯಿಂದ ಹೊರಡುವಾಗಲೋ, ದಾರಿಯಲ್ಲೋ, ಆಸ್ಪತ್ರೆಯೊಳಗೋ. ಒಬ್ಬರನ್ನು ನಿಲ್ಲಿಸಿ ಕೇಳುವುದು ಆ ಪರಿಶೀಲನೆಯ ಆಶಯವೇ ಅಲ್ಲ. ನಿಮ್ಮ ಸಭೆ ಹಾಗೆ ನಡೆಯಿತೋ ಇಲ್ಲವೋ ನನಗೆ ತಿಳಿಯದು. ಆದರೆ ಸಭೆ ಮುಗಿದ ಮೇಲೂ ನೀವು ನಿಮ್ಮೊಳಗೆ ಎಂಟು ತಿಂಗಳಿಂದ ಅದನ್ನು ನಡೆಸುತ್ತಲೇ ಇದ್ದೀರಿ, ಪ್ರತಿ ರಾತ್ರಿ, ಒಬ್ಬರೇ.

ಅಮೆರಿಕದ ವೈದ್ಯ ಆಲ್ಬರ್ಟ್ ವು 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆಯುತ್ತ, ಚಿಕಿತ್ಸೆಯಲ್ಲಿ ಅನಾಹುತವಾದಾಗ ರೋಗಿ ಮತ್ತು ಮನೆಯವರ ನಂತರ ಎರಡನೆಯ ಪೆಟ್ಟು ತಿನ್ನುವವರು ಚಿಕಿತ್ಸೆ ಕೊಟ್ಟವರು ಎಂದರು. ಎರಡನೆಯವರು ಎಂಬುದನ್ನು ಮರೆಯಬಾರದು, ಮೊದಲ ದುಃಖ ಆ ಮನೆಯದು. ಆದರೆ ಎರಡನೆಯ ಪೆಟ್ಟಿಗೂ ಆರೈಕೆ ಬೇಕು. ಲಂಡನ್ನಿನಲ್ಲಿ 1950ರ ದಶಕದಲ್ಲಿ ಮೈಕೆಲ್ ಬಾಲಿಂಟ್ ಎಂಬ ಮನೋವಿಶ್ಲೇಷಕರು ಸಾಮಾನ್ಯ ವೈದ್ಯರ ಸಣ್ಣ ಗುಂಪುಗಳನ್ನು ಕೂರಿಸಿ, ತಮ್ಮನ್ನು ಕಾಡುವ ಒಬ್ಬ ರೋಗಿಯ ಬಗ್ಗೆ ಮಾತಾಡಿಸುತ್ತಿದ್ದರು. ಚಿಕಿತ್ಸೆಯ ಲೆಕ್ಕ ಒಪ್ಪಿಸುವುದಕ್ಕಲ್ಲ, ಆ ರೋಗಿ ಡಾಕ್ಟರನ್ನು ಯಾಕೆ ಬಿಡುತ್ತಿಲ್ಲ ಎಂದು ತಿಳಿಯುವುದಕ್ಕೆ. ನಿಮ್ಮ ಸುತ್ತಲಿನ ಮೂರು ನಾಲ್ಕು ತಾಲ್ಲೂಕುಗಳಲ್ಲೂ ನಿಮ್ಮಂಥದ್ದೇ ಕುರ್ಚಿಯಲ್ಲಿ ಕೂತವರಿದ್ದಾರೆ, ಅವರಿಗೂ ಇಂಥದೊಂದು ರಾತ್ರಿ ಇದ್ದೇ ಇರುತ್ತದೆ. ವಾಟ್ಸ್‌ಆ್ಯಪ್ ಗುಂಪು ಬೇಡ. ತಿಂಗಳಿಗೊಮ್ಮೆ ಜಿಲ್ಲಾ ಸಭೆಗೆ ಹೇಗೂ ಹೋಗುತ್ತೀರಿ, ಸಭೆ ಮುಗಿದ ಮೇಲೆ ಒಂದು ಗಂಟೆ ಅವರ ಜೊತೆ ಕೂತುಕೊಳ್ಳಿ. ಮೊದಲು ನೀವೇ ಅವಳ ಬಗ್ಗೆ ಹೇಳಿ.

ಇನ್ನೊಂದು ಕೆಲಸವಿದೆ, ಕಷ್ಟದ್ದು. ಆ ಮಗುವಿಗೆ ಈಗ ಎಂಟು ತಿಂಗಳು. ಒಂಬತ್ತು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆ ಬರುತ್ತದೆ. ಮಗು ಯಾರ ಬಳಿ ಬೆಳೆಯುತ್ತಿದೆ, ತೂಕ ಸರಿಯಿದೆಯೇ, ಲಸಿಕೆಗಳು ತಪ್ಪಿಲ್ಲವೇ ಎಂದು ಆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದ್ದೀರಾ? ಕೇಳಿ. ಅಜ್ಜಿಯೋ ಚಿಕ್ಕಮ್ಮನೋ ಮಗುವನ್ನು ಎತ್ತಿಕೊಂಡು ನಿಮ್ಮ ಆಸ್ಪತ್ರೆಗೆ ಬಂದರೆ ಕಾಯಿಸಬೇಡಿ. ಜೊತೆಗೆ, ನಿಮ್ಮ ರಕ್ತ ಶೇಖರಣಾ ಘಟಕದಲ್ಲಿ ಯಾವ ಗುಂಪಿನ ರಕ್ತ ಎಷ್ಟಕ್ಕಿಂತ ಕಡಿಮೆಯಾಗಬಾರದು ಎಂದು ಗೋಡೆಯ ಮೇಲೆ ಬರೆಸಿ, ದಿನಾ ಬೆಳಿಗ್ಗೆ ಎಣಿಸಿ ಜಿಲ್ಲಾ ರಕ್ತನಿಧಿಗೆ ತಿಳಿಸುವ ಕೆಲಸವನ್ನು ಒಬ್ಬ ಲ್ಯಾಬ್ ಟೆಕ್ನಿಷಿಯನ್‌ಗೆ ಹೆಸರು ಹಾಕಿ ಒಪ್ಪಿಸಿ. ಆ ರಾತ್ರಿ ಕೊರತೆಯಾಗಿದ್ದು ರಕ್ತ. ಸರಿಪಡಿಸಬೇಕಾದ್ದೂ ಅಲ್ಲಿಯೇ.

ನರ್ಸಿನ ವಿಷಯದಲ್ಲಿ ನಾನು ಹೆಚ್ಚು ಹೇಳಬೇಕಿಲ್ಲ, ನಿಮಗೇ ಗೊತ್ತಿದೆ. ಎಲ್ಲರೆದುರು ಬೈದಿದ್ದೀರಿ, ಎಲ್ಲರೆದುರೇ ತಪ್ಪಾಯಿತು ಎನ್ನಿ. ಬೆಳಿಗ್ಗೆ ಡ್ಯೂಟಿ ಬದಲಾಗುವ ಹೊತ್ತಿಗೆ ನರ್ಸಿಂಗ್ ಸ್ಟೇಷನ್ನಿನಲ್ಲಿ ಇಬ್ಬರು ಮೂವರು ಇರುವಾಗ. ಪಾರ್ಟೋಗ್ರಾಮ್ ಬಿಟ್ಟಿದ್ದು ತಪ್ಪೇ, ಅದನ್ನು ಆಮೇಲೆ ಬೇರೆಯಾಗಿ ಮಾತಾಡಿ, ಆ ಪಾಳಿಯಲ್ಲಿ ಆಕೆ ಎಷ್ಟು ಹೆರಿಗೆ ನೋಡುತ್ತಿದ್ದಳು ಎಂದೂ ಕೇಳಿ. ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರ ನಡುವೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೇಲಿನವರು ಸರಿಯಾಗಿ ನಡೆಸಿಕೊಳ್ಳುವ ಕಡೆ ಕೆಳಗಿನವರಲ್ಲಿ ಬರ್ನ್‌ಔಟ್ ಕಡಿಮೆ ಎಂದು ತೋರಿಸಿತು. ನಿಮ್ಮ ಬಳಲಿಕೆ ನಿಮ್ಮಲ್ಲೇ ನಿಲ್ಲುವುದಿಲ್ಲ, ಪಾಳಿಯಿಂದ ಪಾಳಿಗೆ ಇಳಿಯುತ್ತದೆ.

ಗರ್ಭಿಣಿಯರನ್ನು ಕೂರಿಸಿ ಮಾತಾಡಿಸುವುದು ಇಷ್ಟ ಎಂದು ಬರೆದಿದ್ದೀರಿ. ಪತ್ರದಲ್ಲಿ ನಿಮ್ಮ ಮುಖ ಸ್ವಲ್ಪ ಅರಳಿದ್ದು ಅಲ್ಲಿ ಮಾತ್ರ. ಮೇಯೋದಲ್ಲೇ ಟೇಟ್ ಶಾನಫೆಲ್ಟ್ ಮತ್ತು ಸಂಗಡಿಗರು 2009ರಲ್ಲಿ ಕಂಡುಕೊಂಡದ್ದು ಇದು: ತಮಗೆ ತೀರಾ ಅರ್ಥಪೂರ್ಣ ಅನ್ನಿಸುವ ಕೆಲಸಕ್ಕೆ ತಮ್ಮ ಸಮಯದ ಐದನೇ ಒಂದು ಭಾಗವಾದರೂ ಸಿಕ್ಕ ವೈದ್ಯರಲ್ಲಿ ಬರ್ನ್‌ಔಟ್ ಸುಮಾರು ಶೇ 30, ಅಷ್ಟೂ ಸಿಗದವರಲ್ಲಿ ಶೇ 54. ಐದನೇ ಒಂದು ಎಂದರೆ ವಾರದಲ್ಲಿ ಒಂದು ದಿನ. ಆ ದಿನ ಸಭೆ, ಫೈಲು, ವಿಸಿ ಇಲ್ಲ ಎಂದು ಆದೇಶ ಮಾಡಿ, ವಿಸಿಗೆ ಬೇರೆಯವರು ಕೂರಲಿ. ತಿಂಗಳ 9ನೇ ತಾರೀಕು ಗರ್ಭಿಣಿಯರ ತಪಾಸಣೆ ಹೇಗೂ ಇರುತ್ತದೆ. ಅಂದು ನಿಮ್ಮ ಕುರ್ಚಿ ಒಪಿಡಿಯಲ್ಲೇ ಇರಲಿ.

ರಜೆಯ ಬಗ್ಗೆ ಒಂದು ಮಾತು. ಗಳಿಕೆ ರಜೆ ಕೂಡಿಟ್ಟು ಕೊನೆಗೆ ನಗದು ಮಾಡಿಕೊಳ್ಳುವುದು ನಮ್ಮಲ್ಲಿ ರೂಢಿ. ನೀವು ಈ ಸಲ ಹತ್ತು ದಿನ ತೆಗೆದುಕೊಳ್ಳಿ, ಪ್ರಭಾರ ಬರೆದು ಕೊಟ್ಟು ಊರು ಬಿಡಿ. ವಿಶ್ವ ವೈದ್ಯಕೀಯ ಸಂಘ 2017ರಲ್ಲಿ ವೈದ್ಯರ ಜಿನೀವಾ ಪ್ರತಿಜ್ಞೆಯನ್ನು ತಿದ್ದಿದಾಗ, ಒಳ್ಳೆಯ ಚಿಕಿತ್ಸೆ ಕೊಡಲು ತನ್ನ ಆರೋಗ್ಯವನ್ನೂ ನೋಡಿಕೊಳ್ಳುತ್ತೇನೆ ಎಂಬ ಮಾತನ್ನು ಅದರಲ್ಲಿ ಸೇರಿಸಿತು. ಅದು ಕರ್ತವ್ಯದ ಪಟ್ಟಿಯಲ್ಲಿದೆ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಪತ್ರದಲ್ಲಿ ಬರೀ ಬರ್ನ್‌ಔಟ್ ಎಂದು ಬಿಡಲಾಗದ ಸಂಗತಿಗಳಿವೆ. ಒಂದು ರಿಂಗಿಗೆ ಎದೆ ಹೊಡೆದುಕೊಳ್ಳುವುದು, ಎಂಟು ತಿಂಗಳ ನಿದ್ದೆಗೇಡು, ಏನೂ ಅನ್ನಿಸದಿರುವುದು. ಖಿನ್ನತೆಯೋ ಆಘಾತದ ನಂತರದ ಒತ್ತಡವೋ ಇದ್ದರೆ ರಜೆಯಿಂದ ಹೋಗುವುದಿಲ್ಲ, ಚಿಕಿತ್ಸೆ ಬೇಕು. ಆಲ್‌ಪ್ರಜೋಲಾಮ್ ಬಗ್ಗೆ ನಿಮಗೆ ನಾನು ಪಾಠ ಹೇಳಬೇಕಿಲ್ಲ. ಅರ್ಧ ಸಾಲುತ್ತಿಲ್ಲ ಎಂದರೆ ಏನರ್ಥ ಎಂದು ನಿಮ್ಮ ರೋಗಿಗೆ ನೀವೇ ಹೇಳುತ್ತಿದ್ದಿರಿ. ಒಮ್ಮೆಲೇ ನಿಲ್ಲಿಸಬೇಡಿ, ಇನ್ನು ಮುಂದೆ ನೀವೇ ಬರೆದುಕೊಳ್ಳಲೂ ಬೇಡಿ. ಮನೋವೈದ್ಯರೊಬ್ಬರು ಅದನ್ನು ಹಂತ ಹಂತವಾಗಿ ಇಳಿಸಲಿ. ಜಿಲ್ಲೆಯ ಮನೋವೈದ್ಯರು ನಿಮ್ಮ ಸಹೋದ್ಯೋಗಿಯೇ ಆಗಿರುವುದರಿಂದ ಸಂಕೋಚವಿದ್ದರೆ ಧಾರವಾಡದ ಡಿಮ್ಹಾನ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ಗೋಪ್ಯತೆಯನ್ನು ನಿಮ್ಮ ಹಕ್ಕು ಎಂದು ಹೇಳಿದೆ, ನೀವು ಡಾಕ್ಟರೆಂಬ ಕಾರಣಕ್ಕೆ ಅದು ಕಡಿಮೆಯಾಗುವುದಿಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ರಕ್ತದೊತ್ತಡವನ್ನೂ ನೋಡಿಸಿಕೊಳ್ಳಿ. 44ನೇ ವಯಸ್ಸಿನ ಹೆಂಗಸು ಸುಸ್ತು ಎಂದು ಬಂದರೆ ನೀವು ಮೊದಲು ಬರೆಯುವುದು ಅವನ್ನೇ ಅಲ್ಲವೇ.

ಲಾಯಕ್ಕಿನ ಪ್ರಶ್ನೆಗೆ ಉತ್ತರ: ನೀವು ಲಾಯಕ್ಕೇ. ಒಬ್ಬರೇ ಎರಡು ಹುದ್ದೆ ನಿಭಾಯಿಸುವುದಕ್ಕೆ ಯಾರೂ ಲಾಯಕ್ಕಲ್ಲ. ಮೇಲೆ ಹೇಳಿದ್ದನ್ನೆಲ್ಲ ಆರು ತಿಂಗಳು ಮಾಡಿ ನೋಡಿದ ಮೇಲೂ ಎರಡನೆಯವರು ಬಾರದಿದ್ದರೆ, ಆಡಳಿತದ ಹೊಣೆ ಬೇಡ, ತಜ್ಞೆಯಾಗಿ ಮಾತ್ರ ಮುಂದುವರಿಯುತ್ತೇನೆ ಎಂದು ಬರೆದುಕೊಡಿ. ಅದರಲ್ಲಿ ಸೋಲೇನೂ ಇಲ್ಲ, ನಿಮ್ಮ ತಾಲ್ಲೂಕಿಗೆ ಫೈಲು ನೋಡುವವರು ಇನ್ನೊಬ್ಬರು ಸಿಗುತ್ತಾರೆ, ಹೆರಿಗೆ ನೋಡುವವರು ಬೇಗ ಸಿಗುವುದಿಲ್ಲ. ಆದರೆ ಆ ನಿರ್ಧಾರ ಈಗ ಬೇಡ, ನಿದ್ದೆಯಿಲ್ಲದ ದಿನಗಳಲ್ಲಿ ಬೇಡ. ಈ ವಾರ ನೀವು ಮಾಡಬೇಕಾದ್ದು ಎರಡೇ: ಮನೋವೈದ್ಯರ ಸಮಯ ಗೊತ್ತು ಮಾಡಿಕೊಳ್ಳಿ, ಈ ಶನಿವಾರ ರಾತ್ರಿಯ ಆಡಳಿತದ ಕರೆಗಳನ್ನು ಯಾರು ಎತ್ತುತ್ತಾರೆ ಎಂದು ಬರೆದು ಸಹಿ ಮಾಡಿ. ಆಮೇಲೆ ನನಗೊಂದು ಕಾಗದ ಹಾಕಿ.